ಹುಡುಗ ಹೇಳಿದ್ದು, ನಾನು ಹೇಳಿದ್ದು

ಕೋರ್ಟಿನ ಬಾಗಿಲಲ್ಲಿ ನಿಂತು ಹೆಸರು ಕೂಗುವುದು ನನ್ನ ಕೆಲಸವಾಗಿತ್ತು. ಪ್ರತಿಯೊಂದು ಹೆಸರನ್ನೂ ಮೂರು ಸಲ ಕೂಗಬೇಕು. ಮೊದಲನೆಯದು ವರಾಂಡದಲ್ಲಿ ಕೂತವರಿಗೆ. ಎರಡನೆಯದು ಬೇವಿನ ಮರದ ಕೆಳಗೆ ಬೀಡಿ ಸೇದುತ್ತಿರುವವರಿಗೆ. ಮೂರನೆಯದು ರಸ್ತೆಯಾಚೆಯ ಅಂಗಡಿಯಲ್ಲಿ ಮಂಡಕ್ಕಿ ಮೆಣಸಿನಕಾಯಿ ತಿನ್ನುತ್ತಾ ಮೈಮರೆತವರಿಗೆ. ನನ್ನ ಮೂರನೆಯ ಕೂಗು ಎಣ್ಣೆ ಮಿಲ್ಲಿನ ಸದ್ದನ್ನು ಸೀಳಿಕೊಂಡು ಕುರಿಸಂತೆಯವರೆಗೆ ಹೋಗುತ್ತದೆ ಎಂದು ಚಳ್ಳಕೆರೆಯ ವಕೀಲರು ತಮಾಷೆ ಮಾಡುತ್ತಿದ್ದರು. ಅದನ್ನು ಕೇಳಿ ನಾನು ಇನ್ನಷ್ಟು ಗಟ್ಟಿಯಾಗಿ ಕೂಗುತ್ತಿದ್ದೆ.

ನಾನು ಓದಿದ್ದು ಎಸ್ಸೆಸ್ಸೆಲ್ಸಿ. ಗಂಟಲು ಬಿಟ್ಟರೆ ನನಗಿದ್ದ ಇನ್ನೊಂದು ಬಂಡವಾಳ ತೆಲುಗು. ಅದು ನನ್ನ ಮನೆಮಾತಲ್ಲ. ಟೆಂಟಿನಲ್ಲಿ ನೋಡಿದ ಸಿನಿಮಾಗಳಿಂದ, ಶೇಂಗಾ ಮಂಡಿಯಲ್ಲಿ ಹಮಾಲರ ನಡುವೆ ಕಳೆದ ಹುಡುಗುತನದಿಂದ ಅರ್ಧಂಬರ್ಧ ಬಂದದ್ದು. ಆದರೂ ಮೊಳಕಾಲ್ಮುರು ಕಡೆಯವರು ಸಾಕ್ಷಿಗೆ ಬಂದರೆ ಸಾಹೇಬರು ನನ್ನನ್ನೇ ಒಳಗೆ ಕರೆಯುತ್ತಿದ್ದರು. ಬಾಗಿಲಲ್ಲಿ ನಿಲ್ಲುವ ಜವಾನ ಆ ಹೊತ್ತಿಗೆ ಮೇಜಿನ ಪಕ್ಕ ನಿಲ್ಲುತ್ತಿದ್ದ. ಅದು ನನಗೆ ಎಷ್ಟು ದೊಡ್ಡದಾಗಿತ್ತು ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ಮುಂದಿನದೆಲ್ಲ ಅದರಿಂದಲೇ ಹುಟ್ಟಿತು.

ತೊಂಬತ್ತರ ದಶಕದ ನಡುವಿನ ಮಾತು. ಆಗ ಇದ್ದ ಮ್ಯಾಜಿಸ್ಟ್ರೇಟರು ಕರಾವಳಿಯವರು. ಮೆಲುಮಾತಿನ ಮನುಷ್ಯ. ನಮ್ಮ ಬಿಸಿಲಿಗೆ ಮುಖ ಕೆಂಪಾಗಿ, ದಿನಕ್ಕೆ ಎರಡು ಹೂಜಿ ನೀರು ಖಾಲಿ ಮಾಡುತ್ತಿದ್ದರು. ತೆಲುಗಿನ ಒಂದಕ್ಷರವೂ ಅವರಿಗೆ ತಿಳಿಯದು. ಹುಡುಗರ ಕೇಸುಗಳನ್ನು ಅವರು ಕೋರ್ಟು ಹಾಲಿನಲ್ಲಿ ನಡೆಸುತ್ತಿರಲಿಲ್ಲ. ತಮ್ಮ ಕೋಣೆಯಲ್ಲಿ, ಕರಿಕೋಟು ಬಿಚ್ಚಿ ಗೂಟಕ್ಕೆ ಹಾಕಿ, ಹುಡುಗನನ್ನು ಸ್ಟೂಲಿನ ಮೇಲೆ ಕೂರಿಸಿಕೊಂಡು ಮಾತಾಡುತ್ತಿದ್ದರು. ಕಾನೂನೂ ಹಾಗೇ ಇತ್ತು, ಅವರ ಸ್ವಭಾವವೂ ಹಾಗೇ ಇತ್ತು.

ಒಂದು ಬೇಸಿಗೆಯ ಬೆಳಿಗ್ಗೆ ಆ ಸ್ಟೂಲಿನ ಮೇಲೆ ಹದಿನಾಲ್ಕರ ಹುಡುಗನೊಬ್ಬ ಕೂತಿದ್ದ. ಮೊಳಕಾಲ್ಮುರು ಕಡೆಯ ಸಿದ್ದಾಪುರದ ಹತ್ತಿರದವನು, ಕುರಿ ಕಾಯುವ ಮನೆಯವನು. ತಂದೆ ಇರಲಿಲ್ಲ. ಬೇಸಿಗೆಯಲ್ಲಿ ಅವರ ಮಂದೆ ದೊಡ್ಡಉಳ್ಳಾರ್ತಿಯ ಕಾವಲಿನ ಹುಲ್ಲುಬಯಲಿಗೆ ಮೇಯಲು ಬರುತ್ತಿತ್ತು. ಅಲ್ಲೇ ನಮ್ಮೂರಿನ ಎಣ್ಣೆ ಮಿಲ್ಲಿನ ಸಾಹುಕಾರರ ಕುರಿಗಳೂ ಮೇಯುತ್ತಿದ್ದವು. ಸಾಹುಕಾರರ ಬೀಜದ ಟಗರು ಒಂದು ಸಂಜೆ ಹುಡುಗನ ಮಂದೆಯಲ್ಲಿ ಕಂಡಿತ್ತು, ಮರುದಿನ ಇರಲಿಲ್ಲ. ಹುಡುಗನ ಬಿಡಾರದಲ್ಲಿ ಹಸಿ ಚರ್ಮವೊಂದು ಒಣಗಲು ಬಿದ್ದಿತ್ತು. ತಮ್ಮದೇ ಸತ್ತ ಕುರಿಯದು ಎಂದು ತಾಯಿ ಹೇಳಿದ್ದಳು. ಕುರಿಯ ಗುರುತು ಇರುವುದು ಕಿವಿಯಲ್ಲಿ, ಸುಲಿದ ಚರ್ಮಕ್ಕೆ ಕಿವಿ ಇರುವುದಿಲ್ಲ. ಹಾಗಾಗಿ ಅದು ಯಾರದೆಂದು ತೀರ್ಮಾನಿಸುವಂತಿರಲಿಲ್ಲ.

"ಏನಾಯಿತು ಮಗು, ಹೆದರಬೇಡ, ಹೇಳು" ಎಂದರು ಸಾಹೇಬರು.

ಹುಡುಗನಿಗೆ ಸಂತೆಯಲ್ಲಿ ಆಡುವಷ್ಟು ಕನ್ನಡ ಬರುತ್ತಿತ್ತು. ಆ ಕೋಣೆಯಲ್ಲಿ ಅದು ಹಾರಿಹೋಗಿತ್ತು. ನೆಲ ನೋಡುತ್ತಾ ತೆಲುಗಿನಲ್ಲಿ, "ಪೊಟ್ಟೇಲು ಅದೇ ವಚ್ಚಿಂದಿ ಸಾಮೀ. ತೆಲ್ಲಾರಿ ತೋಲೇಸಿನಾ" ಎಂದ.

ಸಾಹೇಬರು ನನ್ನ ಕಡೆ ನೋಡಿದರು.

ತೆಲುಗಿನಲ್ಲಿ ತೋಲು ಎಂದರೆ ಚರ್ಮ. ತೋಲು ತೀಸಿನಾ ಎಂದರೆ ಚರ್ಮ ತೆಗೆದೆ ಎಂದು. ಬಿಡಾರದಲ್ಲಿ ಚರ್ಮ ಸಿಕ್ಕ ವಿಷಯ ನನಗೆ ಮೊದಲೇ ಗೊತ್ತಿತ್ತು. ನನ್ನ ಕಿವಿ ಅದನ್ನೇ ಕಾಯುತ್ತಾ ಕೂತಿತ್ತು. "ಟಗರು ತಾನಾಗೇ ಬಂತಂತೆ ಸ್ವಾಮಿ. ಬೆಳಗಾದ ಮೇಲೆ ಚರ್ಮ ಸುಲಿದೆ ಅಂತಾನೆ" ಎಂದೆ. ಗಂಟಲಿಗೆ ತಕ್ಕಂತೆ ಸ್ಪಷ್ಟವಾಗಿ ಹೇಳಿದೆ.

ಸಾಹೇಬರು ಪೆನ್ನು ತಿರುಗಿಸುತ್ತಾ ಯೋಚಿಸಿದರು. ಹುಡುಗನನ್ನು ಬಾಲಮಂದಿರಕ್ಕೆ ಕಳಿಸಲು ಅವರಿಗೆ ಮನಸ್ಸಿರಲಿಲ್ಲ. ಟಗರಿನ ಬೆಲೆಯನ್ನು ತಾಯಿ ತಿಂಗಳ ಕಂತುಗಳಲ್ಲಿ ಸಾಹುಕಾರರಿಗೆ ಕಟ್ಟಿಕೊಡಬೇಕು, ಅಲ್ಲಿಯವರೆಗೆ ಹುಡುಗ ಪ್ರೊಬೇಷನ್ ಅಧಿಕಾರಿಯ ನಿಗಾದಲ್ಲಿ ಮನೆಯಲ್ಲೇ ಇರಬೇಕು, ಕಂತು ತಪ್ಪಿದರೆ ಬಾಲಮಂದಿರ ಎಂದು ಆರ್ಡರ್ ಮಾಡಿದರು. ದಯೆಯಿಂದ ಮಾಡಿದ ಆರ್ಡರ್ ಅದು. ವರಾಂಡದಲ್ಲಿ ಕಾಯುತ್ತಿದ್ದ ತಾಯಿಗೆ ಅದನ್ನು ತೆಲುಗಿನಲ್ಲಿ ತಿಳಿಸಿದವನೂ ನಾನೇ. ಬೆಲೆ ಕಟ್ಟಬೇಕೆಂದು ಹೇಳಿದೆ, ನಿನ್ನ ಮಗನೇ ಒಪ್ಪಿಕೊಂಡನೆಂದೂ ಹೇಳಿದೆ. ಅವಳು ಮಗನ ಮುಖ ನೋಡಿದಳು.

ಪ್ರೊಬೇಷನ್ ಅಧಿಕಾರಿಗೆ ಇಡೀ ಜಿಲ್ಲೆಯ ಓಡಾಟ. "ನೀನು ಹೆಂಗಿದ್ರೂ ಆ ಕಡೆ ನೋಟೀಸು ಕೊಡಾಕೆ ಹೋಗ್ತೀಯಾ, ಭಾಷೇನೂ ಬರ್ತೈತೆ. ಕಂತನ್ನ ನೀನೇ ಇಸ್ಕೊಂಡು ಬಂದುಬಿಡಪ್ಪ" ಎಂದರು. ನಾನು ಸಂತೋಷದಿಂದಲೇ ಒಪ್ಪಿದೆ.

ಆ ಪ್ರಯಾಣಗಳನ್ನು ನೆನೆದರೆ ಈಗಲೂ ಮನಸ್ಸು ಹಗುರಾಗುತ್ತದೆ. ಆಗಬಾರದು, ಆದರೂ ಆಗುತ್ತದೆ. ಬೆಳಗಿನ ಬಸ್ಸಿನಲ್ಲಿ ರೇಷ್ಮೆ ಸೀರೆಯ ಗಂಟು ಹೊತ್ತ ನೇಕಾರರು, ಸೀಟಿನ ಕೆಳಗೆ ಕಾಲು ಕಟ್ಟಿದ ಕೋಳಿ, ಅರ್ಧ ವಾಕ್ಯ ಕನ್ನಡದಲ್ಲಿ ಅರ್ಧ ತೆಲುಗಿನಲ್ಲಿ ಜಗಳವಾಡುವ ಕಂಡಕ್ಟರು. "ಅಕ್ಷರಗುಂಡು ಯಾರ್ರೀ, ಇಳೀರಿ" ಎಂದು ಅವನು ಕೂಗಿದಾಗ ನಾನು ಇಳಿಯುತ್ತಿದ್ದೆ. ಬ್ರಹ್ಮಗಿರಿಯ ತಪ್ಪಲಿನ ಶಾಸನದ ಬಂಡೆಗೆ ಅಲ್ಲಿಯವರು ಇಟ್ಟ ಹೆಸರು ಅದು. ಅಲ್ಲಿಂದ ಗುಂಡುಕಲ್ಲುಗಳ ನಡುವಿನ ದಾರಿಯಲ್ಲಿ ನಡೆದರೆ ಹುಡುಗನ ಮನೆ. ಬೆಳಗಿನ ಹೊತ್ತು ಆ ಕಲ್ಲುಗಳಿಂದ ತಣ್ಣನೆಯ ವಾಸನೆ ಬರುತ್ತಿತ್ತು.

ತಾಯಿ ನನ್ನನ್ನು ಎಂದೂ ಬಾಗಿಲಲ್ಲಿ ನಿಲ್ಲಿಸಿ ಕಳಿಸಲಿಲ್ಲ. ಕಂಬಳಿ ಹಾಸಿ ಕೂರಿಸುವಳು. ಸಜ್ಜೆ ರೊಟ್ಟಿ, ಶೇಂಗಾ ಚಟ್ನಿ, ಕುರಿ ಹಾಲಿನ ಗಟ್ಟಿ ಮೊಸರು. ತಿಂದಾದ ಮೇಲೆ ಸೆರಗಿನ ಗಂಟು ಬಿಚ್ಚಿ ಕಂತಿನ ಹಣ ಕೊಡುವಳು. ಹುಡುಗನ ಅಜ್ಜಿ, ಎಲ್ಲರೂ ಜೇಜಿ ಎಂದು ಕರೆಯುತ್ತಿದ್ದ ಮುದುಕಿ, ನನ್ನ ತೆಲುಗು ಕೇಳಿ ಬೊಚ್ಚುಬಾಯಲ್ಲಿ ನಗುವಳು. "ಈಯಪ್ಪನ ತೆಲುಗು ಕುಂಟ ಕುರಿ ನಡೆದಂಗೈತೆ, ಮುಂದಿನ ಕಾಲು ಒಂದು ಕಡೆ, ಹಿಂದಿನ ಕಾಲು ಒಂದು ಕಡೆ" ಎಂದು ಒಮ್ಮೆ ನನಗೆ ತಿಳಿಯಲೆಂದೇ ಕನ್ನಡದಲ್ಲಿ ಹೇಳಿದಳು. ನಾನೂ ನಕ್ಕೆ. ಹುಡುಗ ಮಾತ್ರ ನಾನು ಹೋದಾಗಲೆಲ್ಲ ದೊಡ್ಡಿಯ ಹಿಂದೆ ಹೋಗಿ ನಿಲ್ಲುತ್ತಿದ್ದ.

ಹಣ ಎಲ್ಲಿಂದ ಬರುತ್ತಿತ್ತು ಎಂದು ನಾನು ಕೇಳಲಿಲ್ಲ. ಕೇಳುವ ಅಗತ್ಯ ಇರಲಿಲ್ಲ. ಪ್ರತಿ ಸಲ ಹೋದಾಗಲೂ ಕಳ್ಳಿಬೇಲಿಯ ದೊಡ್ಡಿ ಇನ್ನಷ್ಟು ಅಗಲವಾದಂತೆ ಕಾಣುತ್ತಿತ್ತು. ಮೊದಲು ಮೈಗೆ ಮೈ ತಾಗಿಸಿ ಮಲಗುತ್ತಿದ್ದ ಕುರಿಗಳು ಕೆಲವು ತಿಂಗಳಲ್ಲಿ ಅಲ್ಲೊಂದು ಇಲ್ಲೊಂದು ನಿಂತವು. ತಾಯಿ ಬೇರೆಯವರ ಹೊಲಕ್ಕೆ ಕೂಲಿಗೆ ಹೊರಟಳು.

ಮಳೆಗಾಲ ಕಳೆದು ಶೇಂಗಾ ಕಿತ್ತ ಕಾಲ. ಅಂಗಳದಲ್ಲಿ ಕೂಲಿಗೆ ಬಂದ ಶೇಂಗಾಕಾಯಿ ಹರಡಿತ್ತು. ನಾನು ಕಂಬಳಿಯ ಮೇಲೆ ಕೂತು ರೊಟ್ಟಿ ಮುರಿಯುತ್ತಿದ್ದೆ. ಉಳಿದಿದ್ದ ಕುರಿಗಳು ದೊಡ್ಡಿಯ ಬಾಯಿ ದಾಟಿ ಬಂದು ಶೇಂಗಾಕ್ಕೆ ಬಾಯಿ ಹಾಕಿದವು. ಜೇಜಿ ಒಳಗಿನಿಂದ ಕಿರುಚಿದಳು. "ಒರೇಯ್, ತೋಲೇಯ್ ರಾ ವಾಟಿನಿ!"

ಹುಡುಗ ಕೋಲು ಹಿಡಿದು ಓಡಿಬಂದು ಹಾಯ್ ಹಾಯ್ ಎಂದು ಅವನ್ನೆಲ್ಲ ಹಿಂದಕ್ಕೆ ಅಟ್ಟಿದ.

"ತೋಲೇಸಿನಾವಾ?" ಮುದುಕಿ ಒಳಗಿಂದಲೇ ಕೇಳಿದಳು.

"ಆ, ತೋಲೇಸಿನಾ ಜೇಜೀ" ಎಂದ ಹುಡುಗ.

ಅಟ್ಟಿದೆ. ಓಡಿಸಿದೆ. ಅಷ್ಟೇ ಅದರ ಅರ್ಥ. ಟಗರು ತಾನಾಗೇ ಬಂತು, ಬೆಳಗಾದ ಮೇಲೆ ಅಟ್ಟಿದೆ ಎಂದು ಅವನು ಸಾಹೇಬರಿಗೆ ಹೇಳಿದ್ದ. ಚರ್ಮದ ಮಾತೇ ಅದರಲ್ಲಿ ಇರಲಿಲ್ಲ.

ನನ್ನ ಬಾಯಲ್ಲಿ ರೊಟ್ಟಿ ಹಾಗೇ ನಿಂತಿತು. ಹುಡುಗ ಕೋಲು ಊರಿ ನನ್ನನ್ನೇ ನೋಡುತ್ತಿದ್ದ. ನನಗೆ ತಿಳಿಯಿತೆಂದು ಅವನಿಗೂ ತಿಳಿಯಿತು. ನಾನು ಕಣ್ಣು ತಗ್ಗಿಸಿದೆ. ಆ ತಿಂಗಳ ಕಂತು ಇಸಿದುಕೊಂಡೆ. ಹೌದು, ಅಷ್ಟಾದ ಮೇಲೂ ಇಸಿದುಕೊಂಡು ಬಸ್ಸು ಹತ್ತಿದೆ.

ಇಲ್ಲಿ ಒಂದು ಮಾತು ಸೇರಿಸಬೇಕು. ಮೇಲೆ ಬರೆಯುವಾಗ ಬೇಕೆಂದೇ ಬಿಟ್ಟಿದ್ದೆ. ಅಂದು ಕೋಣೆಯಲ್ಲಿ ನಾನು ಚರ್ಮ ಸುಲಿದ ಎಂದಾಗ ಹುಡುಗ ತಲೆಯೆತ್ತಿ "ಕಾದು, ಕಾದು" ಎಂದಿದ್ದ. ಕಾದು ಎಂದರೆ ಹಾಗಲ್ಲ ಎಂದು. ಅದು ನನಗೆ ಚೆನ್ನಾಗಿ ಗೊತ್ತಿದ್ದ ಪದ. "ಸುಮ್ನಿರಲೇ" ಎಂದು ನಾನು ಗದರಿಸಿದ್ದೆ. ಸಾಹೇಬರು ಏನಂತಾನೆ ಎಂದಾಗ, "ಹೆದರ್ಕೊಂಡವನೆ ಸ್ವಾಮಿ" ಎಂದಿದ್ದೆ. ತೋಲೇಸಿನಾ ಎಂಬುದು ನನ್ನ ಕಿವಿಯ ತಪ್ಪು. ಕಾದು ಎಂಬುದನ್ನು ನುಂಗಿದ್ದು ಕಿವಿಯಲ್ಲ. ಮೇಜಿನ ಪಕ್ಕ ನಿಂತವನ ಮಾತು ಸುಳ್ಳಾಗಬಾರದಿತ್ತು.

ಮರುದಿನ ಶಿರಸ್ತೇದಾರರ ಹತ್ತಿರ ಬೇರೆ ಯಾರದೋ ಕಥೆಯೆಂಬಂತೆ ಕೇಳಿದೆ. ತರ್ಜುಮೆ ತಪ್ಪಾಗಿದ್ದರೆ ಏನು ಮಾಡುತ್ತಾರೆ? ಅವರು ಕನ್ನಡಕದ ಮೇಲಿನಿಂದ ನೋಡಿದರು. "ಯಾಕಲೇ, ತೆಲುಗು ಪಂಡಿತ? ಆರ್ಡರ್ ಆಗಿರೋದನ್ನ ಕೆದಕಬ್ಯಾಡ. ನಿಂಗೆ ಮೂರು ಮಕ್ಕಳವೆ, ಪೆನ್ಷನ್ನು ಐತೆ. ಬಾಗಿಲಾಗೆ ನಿಂತ್ಕೊ, ಹೆಸರು ಕೂಗು, ಮನಿಗೆ ಹೋಗು." ಅವರು ಕೆಟ್ಟವರಲ್ಲ. ನನಗೆ ಬೇಕಾಗಿದ್ದ ಮಾತನ್ನೇ ಹೇಳಿದರು.

ಆದರೆ ಮತ್ತೆ ಕಂತು ತರಲು ಹೋಗುವುದು ನನ್ನಿಂದ ಆಗುವಂತಿರಲಿಲ್ಲ. ಮಾತನ್ನು ಹಿಂದಕ್ಕೆ ತೆಗೆದುಕೊಳ್ಳುವ ಧೈರ್ಯವೂ ಇರಲಿಲ್ಲ. ಉಳಿದ ದಾರಿ ಒಂದೇ. ಅಟ್ಟಿದ ಟಗರು ಎಲ್ಲಿಗೋ ಹೋಗಿರಲೇಬೇಕು, ಅದನ್ನು ಹುಡುಕುವುದು. ಟಗರು ಸಿಕ್ಕರೆ ಮಾತು ಮರೆಯಾಗುತ್ತದೆ ಎಂದುಕೊಂಡೆ.

ಸಾಹುಕಾರರ ಕುರಿಯಾಳಿನಿಂದ ಗುರುತು ತಿಳಿದುಕೊಂಡೆ. ಬಲಗಿವಿಯ ತುದಿ ಸೀಳು, ಎಡಗಿವಿಯಲ್ಲಿ ತೂತು, ಹಣೆಯ ಮೇಲೆ ಬಿಳಿ ಬೊಟ್ಟು. ರಜೆ ಹಾಕಿ ಸೈಕಲ್ಲು ಹತ್ತಿ ಕಾವಲಿಗೆ ಹೋದೆ. ಆಗ ಅಲ್ಲಿ ಈಗಿನಂತೆ ಗೋಡೆಯಾಗಲಿ ತಂತಿಬೇಲಿಯಾಗಲಿ ಇರಲಿಲ್ಲ. ಮಳೆ ಕಂಡ ಹುಲ್ಲು ಕಣ್ಣು ಹಾಯುವವರೆಗೆ ಬಂಗಾರದ ಬಣ್ಣಕ್ಕೆ ತಿರುಗಿ, ಗಾಳಿ ಬಂದರೆ ಇಡೀ ನೆಲವೇ ಮಗ್ಗುಲು ಬದಲಿಸಿದಂತೆ ಕಾಣುತ್ತಿತ್ತು. ಅಲ್ಲಲ್ಲಿ ಮಂದೆಗಳು. ಒಂದೊಂದು ಮಂದೆಗೂ ಹೋಗಿ ಕಿವಿ ನೋಡಿದೆ. ಮೊದಲ ಸಲ ಸಿಗಲಿಲ್ಲ. ಎರಡನೆಯ ಸಲ ಸೈಕಲ್ ಟ್ಯೂಬಿಗೆ ಮುಳ್ಳು ಹೊಕ್ಕು ನಡೆದೇ ಮನೆಗೆ ಬಂದೆ. ಕುರಿಸಂತೆಯಲ್ಲೂ ಹುಡುಕಿದೆ. ಕಿವಿ ಮುಟ್ಟಲು ಹೋದಾಗ ವ್ಯಾಪಾರಿಯೊಬ್ಬ, "ಏನ್ ಸಾಬ್, ತಗೊಳ್ಳೋ ಇರಾದೆ ಐತಾ, ಇಲ್ಲಾ ಕಿವಿಗೆ ವಾಲೆ ಹಾಕ್ತೀರಾ?" ಎಂದು ನಗಿಸಿದ.

ಕೊನೆಗೆ ಒಬ್ಬ ಕುರಿಗಾಹಿ ಸಿಕ್ಕ. ಬೇಸಿಗೆಯಲ್ಲಿ ಕಾವಲು ಬಿಟ್ಟು, ಗದ್ದೆಗಳಲ್ಲಿ ಗೊಬ್ಬರಕ್ಕೆ ಮಂದೆ ತರುಬಲು ದಾವಣಗೆರೆಯ ನಾಲೆ ಸೀಮೆಗೆ ಹೋಗಿದ್ದವನು ಆಗಷ್ಟೇ ಮರಳಿದ್ದ. ನಾನು ಕೋರ್ಟಿನವನೆಂದು ತಿಳಿದು ಅವನಿಗೆ ಎಲ್ಲಿಲ್ಲದ ಖುಷಿ.

"ಕೋರ್ಟಿನೋರು ಈಗ ಟಗರಿಗೂ ಸಮನ್ಸು ತಂದ್ರೇನ್ರಿ? ಮೂರು ಸಲ ಕೂಗ್ರಿ ನೋಡಾನ, ಬತ್ತೈತೇನೋ."

"ತಮಾಷೆ ಬ್ಯಾಡ ಕಣಣ್ಣ. ಒಂದು ಹುಡುಗನ ಪ್ರಶ್ನೆ ಐತೆ."

ಅವನ ನಗು ನಿಂತಿತು. "ಬೊಟ್ಟಿನ ಟಗರು ತಾನೆ? ನಾವು ಹೊರಡೋ ದಿನ ಬೆಳಿಗ್ಗೆ ಬಂದು ಸೇರ್ಕಂತು. ಯಾರೋ ಅಟ್ಟಿದಂಗಿತ್ತು, ಏದುಸಿರು ಬಿಡ್ತಿತ್ತು. ಯಾರದೂ ಅಂತ ಕೇಳಾಕೆ ಟೈಮಿರ್ಲಿಲ್ಲ, ಕರ್ಕಂಡೇ ಹೋದೆ. ಉಣ್ಣೆ ನಾನು ಕತ್ತರಿಸ್ಕಂಡೀನಿ, ಅದು ಮೇಯಿಸಿದೋನ ಪಾಲು. ಟಗರು ನಿಮ್ಮದು. ಕಿವಿ ನೋಡ್ರಿ, ಹೊಡ್ಕಂಡು ಹೋಗ್ರಿ."

ರಸೀದಿ ಇಲ್ಲ, ಸಹಿ ಇಲ್ಲ. ಅವರಲ್ಲಿ ಹಾಗೆಯೇ ನಡೆಯುತ್ತಿತ್ತು. ಬೇರೆ ಮಂದೆಗೆ ಸೇರಿದ ಕುರಿಯನ್ನು ಮೇಯಿಸಿದವನು ಉಣ್ಣೆ ತೆಗೆದುಕೊಳ್ಳುತ್ತಾನೆ, ಒಡೆಯ ಬಂದಾಗ ಕುರಿ ಒಪ್ಪಿಸುತ್ತಾನೆ. ಹುಡುಗನೂ ಅಂದು ಬೆಳಿಗ್ಗೆ ಕಂಡವರ ಸ್ವತ್ತು ತಮ್ಮಲ್ಲಿ ಬೇಡವೆಂದೇ ಅಟ್ಟಿದ್ದ.

ಟಗರನ್ನು ಕಂಡು ಸಾಹುಕಾರರು ಬೆರಗಾದರು. ಅದರ ಕೊಂಬು ಹಿಡಿದು, "ಏನಪ್ಪಾ ಮಾರಾಯ, ನಿನ್ನ ಬೆಲೆ ಮುಕ್ಕಾಲು ಬಂದಾಗೈತಲ್ಲ!" ಎಂದು ನಕ್ಕರು. ಆಮೇಲೆ ಗಂಭೀರವಾಗಿ, "ಆ ತಾಯಿ ದುಡ್ಡು ನಂಗೆ ಬ್ಯಾಡ. ಕೋರ್ಟಿಗೆ ಬಂದು ವಾಪಸ್ ಕಟ್ತೀನಿ" ಎಂದರು. ಕಟ್ಟಿದರು ಕೂಡ.

ಮತ್ತೆ ಅದೇ ಕೋಣೆ, ಗೂಟದಲ್ಲಿ ಕರಿಕೋಟು. ಸ್ಟೂಲಿನ ಮೇಲೆ ಹುಡುಗ, ಈ ಸಲ ತಾಯಿಯೂ ಪಕ್ಕದಲ್ಲಿ. ಸಾಹೇಬರು ಸಾಹುಕಾರರ ಹೇಳಿಕೆ ಓದಿ ಸಂತೋಷಪಟ್ಟರು. ನಂತರ ನನ್ನ ಕಡೆ ತಿರುಗಿದರು.

"ಅಲ್ಲ ಮಾರಾಯ, ಸುಲಿದ ಟಗರು ನಡೆದುಕೊಂಡು ಹೇಗೆ ಬಂತು?"

ಇದಕ್ಕೆ ನನ್ನ ಹತ್ತಿರ ಉತ್ತರವಿತ್ತು. ನಾನು ಸೈಕಲ್ಲು ತುಳಿದದ್ದು, ಕಿವಿ ನೋಡಿದ್ದು ಎಲ್ಲ ಈ ಒಂದು ಪ್ರಶ್ನೆಯನ್ನು ತಪ್ಪಿಸಿಕೊಳ್ಳಲು. ಅದು ಎದುರಿಗೇ ಬಂದು ನಿಂತಿತು. ಬಾಗಿಲ ಸಂದಿಯಲ್ಲಿ ಶಿರಸ್ತೇದಾರರು ಕಂಡರು.

"ಹುಡುಗ ಹೆದರಿ ಮಾಡದ್ದನ್ನ ಮಾಡಿದೆ ಅಂತ ಸುಳ್ಳು ಹೇಳಿರಬೇಕು ಸ್ವಾಮಿ" ಎಂದೆ.

ಸಾಹೇಬರು ತಲೆಯಾಡಿಸಿದರು. ಅವರ ಕಣ್ಣಲ್ಲಿ ಕನಿಕರವಿತ್ತು. ಹುಡುಗನ ತಲೆ ಸವರಿ, "ಎಷ್ಟೇ ಹೆದರಿಕೆಯಾದರೂ ಇನ್ನು ಮುಂದೆ ಸುಳ್ಳು ಹೇಳಬಾರದು ಮಗು. ನೋಡು, ನಿನ್ನ ಸುಳ್ಳಿನಿಂದ ತಾಯಿಗೆ ಎಷ್ಟು ಕಷ್ಟವಾಯಿತು" ಎಂದರು. ಆಮೇಲೆ ನನಗೆ, "ಇದನ್ನು ಅವರಿಬ್ಬರಿಗೂ ಅವರ ಭಾಷೆಯಲ್ಲೇ ಹೇಳಿ" ಎಂದರು.

ಹೇಳಿದೆ. "ಇಂಕ ಅಬದ್ಧಂ ಚೆಪ್ಪಾಕು." ಇನ್ನು ಸುಳ್ಳು ಹೇಳಬೇಡ. ಒಂದಕ್ಷರವೂ ತಪ್ಪಲಿಲ್ಲ. ನನ್ನ ಜೀವಮಾನದಲ್ಲಿ ನಾನು ಮಾಡಿದ ಅತ್ಯಂತ ಶುದ್ಧವಾದ ತರ್ಜುಮೆ ಅದು. ಹುಡುಗ ಈ ಸಲ ಕಾದು ಎನ್ನಲಿಲ್ಲ. ತಾಯಿ ಅಲ್ಲೇ ಅವನ ಕೆನ್ನೆಗೆ ಒಂದು ಬಾರಿಸಿದಳು. ನಂತರ ಸೆರಗಿನಲ್ಲಿ ಅವನ ಮುಖ ಒರೆಸಿದಳು.

ಕೇಸು ಮುಗಿಯಿತು. ತಾಯಿಗೆ ಹಣ ಮರಳಿ ಸಿಕ್ಕಿತು. ಅವಸರಕ್ಕೆ ಅಗ್ಗವಾಗಿ ಮಾರಿದ ಕುರಿಗಳು ಆ ಹಣಕ್ಕೆ ಮರಳಿ ಬರಲಿಲ್ಲ. ಸಾಹೇಬರಿಗೆ ವರ್ಗವಾಯಿತು. ಹೊರಡುವ ದಿನ ನನ್ನ ಕೈಹಿಡಿದು, ಬಡವರ ಪಾಲಿಗೆ ನಿಮ್ಮಂಥವರು ಇರಬೇಕು ಎಂದು ಹೇಳಿ ಹೋದರು. ನಾನು ಬಾಗಿಲಲ್ಲಿ ನಿಂತು ಹೆಸರು ಕೂಗುತ್ತಾ ಉಳಿದ ವರ್ಷಗಳನ್ನು ಕಳೆದೆ. ತೆಲುಗಿನವರು ಬಂದರೆ ನನಗೆ ಕಿವಿ ಮಂದವಾಗಿದೆ ಎಂದು ತಪ್ಪಿಸಿಕೊಳ್ಳುತ್ತಿದ್ದೆ.

ನಿವೃತ್ತಿಯಾದ ಮೇಲೆ, ಎರಡು ಸಾವಿರದ ನಂತರದ ಒಂದು ವರ್ಷ, ಅಕ್ಷರಗುಂಡಿನಲ್ಲಿ ಬಸ್ಸಿಳಿದೆ. ಕಲ್ಲುಗಳು ಹಾಗೇ ಇದ್ದವು. ಕಳ್ಳಿಬೇಲಿಯ ದೊಡ್ಡಿ ಇರಲಿಲ್ಲ, ಅಲ್ಲಿ ಕುರಿ ಸಾಗಿಸುವ ಸಣ್ಣ ಲಾರಿ ನಿಂತಿತ್ತು. ಅದರ ಚಕ್ರದ ಬೋಲ್ಟು ಬಿಗಿಯುತ್ತಿದ್ದವನು ತಲೆಯೆತ್ತಿದ. ಮೀಸೆ ಬಂದಿತ್ತು. ಕಣ್ಣು ಅವೇ.

"ಬರ್ರಿ ಸಾರ್" ಎಂದ ಕನ್ನಡದಲ್ಲಿ. "ಈಗ ಯಾವ ಕಂತು ಬಾಕಿ ಐತೆ?"

ಕಟ್ಟೆಯ ಮೇಲೆ ಕೂತು ಎಲ್ಲವನ್ನೂ ಹೇಳಿದೆ. ತೋಲೇಸಿನಾ, ಕಾದು, ಕೊನೆಯ ದಿನ ನಾನು ಆಡಿದ ಮಾತು. ಅವನು ಎಣ್ಣೆಕೈಯನ್ನು ಬಟ್ಟೆಗೆ ಒರೆಸುತ್ತಾ ಕೇಳಿದ.

"ನಂಗೆ ಇದೆಲ್ಲ ಅವತ್ತೇ ಗೊತ್ತೈತೆ ಸಾರ್. ನಂಗ್ಯಾಕೆ ಹೇಳ್ತೀರಾ?" ಬಾಗಿಲ ಕಡೆ ಕೈ ತೋರಿಸಿದ. "ಅಕೋ, ಅವಳಿಗೆ ಹೇಳ್ರಿ. ನಾನು ಹೇಳಿ ಹೇಳಿ ಸಾಕಾದೆ. ಕೋರ್ಟಿನೋರು ಸುಳ್ಳು ಹೇಳ್ತಾರೇನೋ ಅಂತಾಳೆ. ಈಗ್ಲೂ ಲಾರಿ ಬಾಡಿಗೆ ಎಷ್ಟು ಬಂತು ಅಂದ್ರೆ, ನಿಜ ಹೇಳಲೇ ಅಂತ ಎರಡು ಸಲ ಕೇಳ್ತಾಳೆ."

ತಾಯಿ ಹೊಸ್ತಿಲಲ್ಲಿ ಕೂತು ಹುಣಸೆ ಬೀಜ ಬಿಡಿಸುತ್ತಿದ್ದಳು. ಕೂದಲು ಪೂರ್ತಿ ಬೆಳ್ಳಗಾಗಿತ್ತು. ನನ್ನನ್ನು ಗುರುತು ಹಿಡಿದು ಕಂಬಳಿ ತರಲು ಏಳಹೋದಳು. ನಾನು ಬೇಡವೆಂದು ಎದುರಿಗೆ ನಿಂತು ಮೆಲ್ಲಗೆ ಹೇಳಿದೆ. "ನೀ ಕೊಡುಕು ಅಬದ್ಧಂ ಚೆಪ್ಪಲೇದಮ್ಮಾ. ನೇನೇ ತಪ್ಪು ಚೆಪ್ತಿನಿ." ನಿನ್ನ ಮಗ ಸುಳ್ಳು ಹೇಳಲಿಲ್ಲ, ನಾನೇ ತಪ್ಪು ಹೇಳಿದೆ.

ಅವಳು ಕಿವಿಗೆ ಕೈ ಹಿಡಿದಳು. ಕೇಳಿಸಿರಲಿಲ್ಲ.

ನಾನು ಗಂಟಲು ಎತ್ತರಿಸಿ ಮತ್ತೆ ಹೇಳಿದೆ. ಎಷ್ಟೋ ಕಾಲದಿಂದ ಬಳಸದೆ ಬಿಟ್ಟ ಗಂಟಲು. ಎದುರುಮನೆಯ ಹೆಂಗಸು ಬಾಗಿಲಿಗೆ ಬಂದು ನಿಂತಳು. ತಾಯಿಯ ಕೈಯಿಂದ ಹುಣಸೆಹಣ್ಣು ಮೊರಕ್ಕೆ ಬಿತ್ತು. ಮಗನ ಕಡೆ ನೋಡಿದಳು. ಆಮೇಲೆ ಮತ್ತೆ ಕಿವಿಗೆ ಕೈ ಹಿಡಿದು, "ಇಂಕೋಸಾರಿ ಚೆಪ್ಪು" ಎಂದಳು. ಇನ್ನೊಂದು ಸಲ ಹೇಳು.

ಲಾರಿಯ ಪಕ್ಕದಿಂದ ಮಗ ಮುಖ ಆ ಕಡೆ ತಿರುಗಿಸಿಕೊಂಡೇ ಹೇಳಿದ. "ಎರಡನೇ ಸಲಕ್ಕೇ ಕೇಳೈತೆ ಸಾರ್ ಅವಳಿಗೆ. ಓಣಿಗೆಲ್ಲ ಕೇಳ್ಲಿ ಅಂತವಳೆ."

ನಾನು ಅಂಗಳದ ನಡುವೆ ಹೋಗಿ ನಿಂತು, ಮೂರನೆಯ ಸಲ ಕೂಗಿದೆ.